ಭುಜಕ್ಕನ ಹಿಂದೆ ಹದಿಮೂರು ಮಂದಿ

ಎದುರಿಗೆ ಅಕ್ಕ, ಬೆನ್ನ ಹಿಂದೆ ಭುಜಕ್ಕ. ಬೆನ್ನ ಹಿಂದಿನ ಹೆಸರು ಅವಳಿಗೆ ಗೊತ್ತಿಲ್ಲ ಎಂದು ವಾದ್ಯವೃಂದದ ಹದಿಮೂರು ಮಂದಿಯೂ ನಂಬಿದ್ದರು. ಅವಳಿಗೆ ಮೊದಲ ವರ್ಷವೇ ಗೊತ್ತಾಗಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಗೊತ್ತಿದೆ ಎಂದು ತೋರಿಸಿಕೊಂಡರೆ ಇವರು ಅದನ್ನು ಬಿಟ್ಟು ಇನ್ನೊಂದು ಹುಡುಕುತ್ತಾರೆ, ಆ ಇನ್ನೊಂದು ಇಷ್ಟು ಮರ್ಯಾದೆಯದ್ದಾಗಿರುತ್ತದೆ ಎಂದು ಏನು ಖಾತ್ರಿ? ಹಾಗಾಗಿ ಗೊತ್ತಿಲ್ಲದವಳಂತೆ ಇದ್ದುಬಿಟ್ಟಳು.

ಹೆಸರು ಬಂದದ್ದು ಕೆಲಸದಿಂದ. ಪಿಟೀಲು, ವಯೋಲಾ, ಚೆಲ್ಲೊ, ನಿಂತು ನುಡಿಸುವ ದೊಡ್ಡ ಬಾಸ್ ಎಲ್ಲ ಸೇರಿ ಹದಿನಾಲ್ಕೇ ವಾದ್ಯಗಳ ಸಣ್ಣ ವೃಂದ ಅದು. ಮುಂದೆ ನಿಂತು ಕೋಲು ಆಡಿಸುವ ನಿರ್ದೇಶಕ ಅಲ್ಲಿರಲಿಲ್ಲ. ಮೊದಲ ಕುರ್ಚಿಯಲ್ಲಿ ಪಿಟೀಲು ಹಿಡಿದು ಕೂತ ಇವಳೇ ಎಲ್ಲರನ್ನೂ ನಡೆಸಬೇಕು, ಅದೂ ತಾನು ನುಡಿಸುತ್ತಲೇ. ಎರಡು ಕೈಗೂ ಕೆಲಸ, ಬಾಯಿ ತೆರೆಯುವ ಹಾಗಿಲ್ಲ. ಇನ್ನು ಉಳಿದದ್ದೇನು? ಉಸಿರು, ಹುಬ್ಬು ಮತ್ತು ಭುಜ. ಮೂಗಿನಿಂದ ಸಣ್ಣಗೆ ಉಸಿರೆಳೆದು ಎಡಭುಜವನ್ನು ಒಂದು ಬೆರಳಿನಷ್ಟು ಎತ್ತಿದಳೆಂದರೆ ಹದಿಮೂರು ಕಮಾನುಗಳೂ ತಂತಿಗೆ ತಾಗುತ್ತಿದ್ದವು. ಭುಜ ಚುರುಕಾಗಿ ಎದ್ದರೆ ಚುರುಕು ನಡೆ, ಮೆಲ್ಲಗೆ ಎದ್ದರೆ ಮೆಲುನಡೆ. ಒಮ್ಮೆ ಭುಜದ ಮೇಲೆ ನೊಣ ಕೂತು, ಇವಳು ಅದನ್ನು ಕೊಡವಿಕೊಳ್ಳಲು ಹೋಗಿ, ಹದಿಮೂರು ಮಂದಿ ಶುರುವೇ ಮಾಡಿಬಿಟ್ಟರು ಎಂದು ಬೀರು ಮಾಮ ಹೇಳಿಕೊಂಡು ತಿರುಗುತ್ತಿದ್ದ. ಅದು ಹಸಿ ಸುಳ್ಳು, ಆದರೆ ಕೇಳಿದವರೆಲ್ಲ ನಂಬುತ್ತಿದ್ದರು.

ಬೀರು ಮಾಮ ಅಂದರೆ ಬಾಸ್ ನುಡಿಸುವವನು. ಅವನ ವಾದ್ಯ ಬಟ್ಟೆಯ ಬೀರುವಿನಷ್ಟು ದೊಡ್ಡದು, ಹೆಸರೂ ಅದರದ್ದೇ. ಮೊದಲ ದಿನದಿಂದ ಇದ್ದವರಲ್ಲಿ ಉಳಿದವನು ಅವನೊಬ್ಬ. ಅವನ ನಾಲಿಗೆಗೆ ಮೂಳೆಯಿಲ್ಲ ಎಂದು ಎಲ್ಲರೂ ಅನ್ನುತ್ತಿದ್ದರು. ಅಂಥವನೂ ಒಂದು ಮಾತನ್ನು ಎಷ್ಟೋ ವರ್ಷ ಬಾಯೊಳಗೇ ಇಟ್ಟುಕೊಂಡು ಕೂತ. ನಾನು ಹೇಳಹೊರಟದ್ದು ಆ ಮಾತಿನ ವಿಷಯ. ಭುಜಕ್ಕ ಕಟ್ಟಿದ ವೃಂದ ಭುಜಕ್ಕನ ಭುಜವಿಲ್ಲದೆ ನಡೆಯಬಲ್ಲದೋ ಇಲ್ಲವೋ, ಪ್ರಶ್ನೆ ಅಷ್ಟೇ. ಆದರೆ ಅಲ್ಲಿಗೆ ಬರುವ ಮೊದಲು ಅವಳು ಎಲ್ಲಿಂದ ಬಂದಳು ಎನ್ನುವುದನ್ನು ಹೇಳಬೇಕು.

ಅಪ್ಪ ಹಾಲಿನ ವ್ಯಾನು ಓಡಿಸುತ್ತಿದ್ದ. ಅಮ್ಮ ವಸತಿಗೃಹವೊಂದರ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮನೆಯಲ್ಲಿ ಸಂಗೀತ ಅಂದರೆ ಅಪ್ಪನ ಗೊರಕೆ. ಶಾಲೆಯಲ್ಲಿ ಮಕ್ಕಳಿಗೆ ವಾದ್ಯ ಹಂಚಿದ ದಿನ ಅವಳ ಕಣ್ಣು ಇದ್ದದ್ದು ಫಳಫಳ ಹೊಳೆಯುವ ಲೋಹದ ಕೊಳಲಿನ ಮೇಲೆ. ಆದರೆ ಸಾಲಿನಲ್ಲಿ ಯಾರೋ ಕಾಲು ತುಳಿದರು. ಇವಳು ಬಿಡುವವಳೇ? ಜಗಳ ಮುಗಿಸಿ ತಿರುಗುವಷ್ಟರಲ್ಲಿ ಕೊಳಲು ಹೋಗಿ, ಗಲ್ಲ ಊರುವ ಮರ ಕಿತ್ತುಹೋದ ಒಂದು ಪಿಟೀಲು ಮಾತ್ರ ಉಳಿದಿತ್ತು.

"ಕೊಳಲು ತರ್ತೀನಿ ಅಂದಿದ್ದೆ?" ಎಂದು ಕೇಳಿದ ಅಪ್ಪ.

"ಜಗಳ ಆಡ್ತಿದ್ದೆ."

"ಗೆದ್ಯಾ?"

"ಗೆದ್ದೆ."

"ಹಾಗಾದ್ರೆ ಸರಿ ಬಿಡು," ಎಂದ ಅವನು, ಆಮೇಲೆ ಅಂಟು ತಂದು ಆ ಮರವನ್ನು ತಾನೇ ಕೂರಿಸಿಕೊಟ್ಟ.

ಪಾಠ ಹೇಳಿಕೊಟ್ಟಾಕೆ ಒಂಟಿ ಕೋಣೆಯ ಮುದುಕಿ. ಕೋಣೆಯಲ್ಲಿ ಪಿಯಾನೊ, ಮಂಚ, ಆಕೆಯ ಅಕ್ಕ, ಇಷ್ಟು ಹಿಡಿಸಿದ ಮೇಲೆ ಶಿಷ್ಯೆಗೆ ಜಾಗವಿರಲಿಲ್ಲ. ಹುಡುಗಿ ಮೆಟ್ಟಿಲ ಮೇಲೆ ನಿಂತು ನುಡಿಸಬೇಕು, ಗುರು ಒಳಗಿಂದ ಕೇಳಿಸಿಕೊಂಡು ಬೈಯಬೇಕು. ಮುಖ ಕಾಣದೆ ಬೈಸಿಕೊಂಡು ಕಲಿತದ್ದರಿಂದಲೋ ಏನೋ, ಇವಳ ಕಿವಿ ಹದ್ದಿನ ಕಣ್ಣಿನಷ್ಟು ಚುರುಕಾಯಿತು. ಗುರುವಿನ ಉಸಿರು ಕೇಳಿಯೇ ಮುಂದಿನ ಬೈಗುಳ ಯಾವುದೆಂದು ಹೇಳಬಲ್ಲವಳಾದಳು.

ಮುಂದೆ ನಗರದ ದೊಡ್ಡ ವಾದ್ಯವೃಂದದಲ್ಲಿ ಕೆಲಸ ಸಿಕ್ಕಿತು. ಕೊನೆಯ ಸಾಲು. ಅಲ್ಲಿಂದ ನಿರ್ದೇಶಕನ ಕೋಲಿಗಿಂತ ಮುಂದೆ ಕೂತವನ ಬೋಳುತಲೆಯೇ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ನಿರ್ದೇಶಕ ಹಿಂದಿನ ಸಾಲನ್ನು ತರಾಟೆಗೆ ತೆಗೆದುಕೊಂಡ, ನೀವು ಯಾವಾಗಲೂ ತಡವಾಗಿ ಬರುತ್ತೀರಿ ಎಂದು. ಎಲ್ಲರೂ ತಲೆ ತಗ್ಗಿಸಿದರು. ಇವಳು ಎದ್ದು, "ಕೋಲಿಗೆ ಸದ್ದಿಲ್ಲ ಸಾರ್. ನೀವು ಒಂದು ಉಸಿರಾದ್ರೂ ಎಳೀರಿ, ನಮಗೆ ಕೇಳಿಸತ್ತೆ," ಎಂದಳು. ಆ ವರ್ಷ ಮುಗಿಯುವುದರೊಳಗೆ ಅವಳು ಅಲ್ಲಿರಲಿಲ್ಲ. ಅವನು ತೆಗೆದನೋ ಇವಳು ಬಿಟ್ಟಳೋ, ಇಬ್ಬರದ್ದೂ ಬೇರೆ ಬೇರೆ ಕತೆ.

ಬಿಟ್ಟು ಬಂದವಳು ತನ್ನಂತೆಯೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಹದಿಮೂರು ಮಂದಿಯನ್ನು ಹುಡುಕಿ ಹಿಡಿದಳು. ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರ ಮೇಲಿನ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಇಸ್ತ್ರಿಯ ಯಂತ್ರ ಬುಸ್ ಎಂದಾಗಲೆಲ್ಲ ನೆಲದ ಹಲಗೆಗಳ ಸಂದಿಯಿಂದ ಹಬೆ ಮೇಲೇರಿ ತಂತಿಗಳ ಶ್ರುತಿ ಇಳಿಯುತ್ತಿತ್ತು. ಹದಿನಾಲ್ಕು ಮಡಚುವ ಕುರ್ಚಿ, ಒಂದು ಕುಂಟು ಮೇಜು, ಚಹಾದ ಕೆಟಲು, ಇಷ್ಟೇ ಆಸ್ತಿ. ಇನ್ನು ಮೇಲೆ ನಮಗೆ ಕೋಲು ಆಡಿಸುವ ಕಂಡಕ್ಟರ್ ಬೇಡ, ನಾವು ನಾವೇ ನುಡಿಸೋಣ ಎಂದು ಅವಳು ಘೋಷಿಸಿದಾಗ ಬೀರು ಮಾಮ, "ಅಕ್ಕನಿಗೆ ಮನೇಲೊಬ್ಬ ಇದ್ದಾನಲ್ಲ, ಸಾಕು," ಎಂದ. ಆ ಹೊತ್ತಿಗೆ ಅವಳ ಮದುವೆಯಾಗಿತ್ತು, ಗಂಡ ಬಸ್ ಕಂಡಕ್ಟರ್. ಪಕ್ಕದ ಸೀಟಿನಲ್ಲಿಟ್ಟ ಪಿಟೀಲಿನ ಪೆಟ್ಟಿಗೆಗೂ ಟಿಕೆಟ್ ತಗೊಳ್ಳಿ ಎಂದು ಅವನು ಹಟ ಹಿಡಿದದ್ದೇ ಅವರ ಮೊದಲ ಮಾತುಕತೆ. ತೊಡೆಯ ಮೇಲಿಟ್ಟುಕೊಂಡರೆ ಎಂದು ಇವಳು ಕೇಳಿದಳು. "ತೊಡೆ ಮೇಲಿದ್ರೆ ಮಗು ಲೆಕ್ಕ, ಟಿಕೆಟ್ ಬೇಡ," ಎಂದ ಅವನು.

ವೃಂದದ ಮೊದಲ ಕಛೇರಿ ಹಾಳಾಯಿತು. ಹಾಳು ಮಾಡಿದವಳು ಇವಳೇ. ಕೊನೆಗೆ ನುಡಿಸುವ ಕೃತಿಯ ಕೊನೆಯ ಭಾಗ ಬಹಳ ವೇಗದ್ದು. ವೃಂದದವರು ಅದನ್ನು ಓಟ ಎಂದೇ ಕರೆಯುತ್ತಿದ್ದರು. ಅದರಲ್ಲಿ ಒಂದು ಪುಟವನ್ನು ಎರಡು ಸಲ ನುಡಿಸಬೇಕು ಎಂದು ಹಾಳೆಯಲ್ಲಿತ್ತು. ಭುಜಕ್ಕ ಉತ್ಸಾಹದಲ್ಲಿ ಒಂದೇ ಸಲಕ್ಕೆ ಮುಂದಕ್ಕೆ ಹಾರಿದಳು. ಅರ್ಧ ಜನ ಅವಳ ಹಿಂದೆ ಹಾರಿದರು, ಇನ್ನರ್ಧ ಜನ ಹಾಳೆಯನ್ನು ನಂಬಿ ಹಿಂದಕ್ಕೆ ಹೋದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊನೆಗೆ ಎಲ್ಲರೂ ನಿಲ್ಲಿಸಿ ಮೊದಲಿಂದ ಶುರು ಮಾಡಬೇಕಾಯಿತು.

ಮರುದಿನ ಹಬೆಯ ಕೋಣೆಯಲ್ಲಿ ಅವಳು ನಿಯಮ ಮಾಡಿದಳು. "ಹಾಳೆಯಲ್ಲಿ ಏನೇ ಇರಲಿ, ವೇದಿಕೆ ಮೇಲೆ ನಾನು ತಪ್ಪಿದ್ರೂ ನನ್ನ ಜೊತೇನೇ ತಪ್ಪಿ. ಹದಿನಾಲ್ಕು ಜನ ಒಟ್ಟಿಗೆ ತಪ್ಪಿದ್ರೆ ಅದು ತಪ್ಪು ಅಂತ ಯಾರಿಗೂ ಗೊತ್ತಾಗಲ್ಲ. ಆಮೇಲೆ ಇಲ್ಲಿಗೆ ಬಂದು ನನ್ನ ಬೈಯಿರಿ, ಹೊಟ್ಟೆ ತುಂಬ ಬೈಯಿರಿ."

ನಿಯಮ ಮಾಡಿದ್ದೇ ತಡ, ವೃಂದಕ್ಕೆ ಜೀವ ಬಂತು. ಹಾಳೆ ನೋಡುವುದನ್ನು ಬಿಟ್ಟು ಎಲ್ಲರೂ ಅವಳನ್ನು ನೋಡತೊಡಗಿದರು, ನೋಡುವುದನ್ನು ಬಿಟ್ಟು ಕೇಳತೊಡಗಿದರು, ಕೊನೆಕೊನೆಗೆ ಕೇಳುವುದೂ ಬೇಡವಾಗಿ ಅವಳು ಏನು ಮಾಡುತ್ತಾಳೆಂದು ಮೊದಲೇ ತಿಳಿಯತೊಡಗಿತು. ಹದಿನಾಲ್ಕು ಜನ ಒಂದೇ ಮೈಯವರ ಹಾಗೆ ನುಡಿಸುತ್ತಾರೆ ಎಂದು ಹೆಸರಾಯಿತು. ಬೇರೆ ಬೇರೆ ನಗರಗಳಿಂದ ಕರೆ ಬಂತು, ಓಟದ ಕ್ಯಾಸೆಟ್ ಬಂತು. ಮೊದಮೊದಲು ಕಛೇರಿಯ ಮರುದಿನ ಅವಳನ್ನು ಬೈಯುವುದೇ ಒಂದು ಸಂಭ್ರಮ, ಬೀರು ಮಾಮನಂತೂ ಬೈಗುಳಗಳನ್ನು ಬರೆದುಕೊಂಡೇ ಬರುತ್ತಿದ್ದ. ಆಮೇಲೆ ಹಳಬರು ಹೋದರು, ಹೊಸಬರು ಬಂದರು. ಹೆಸರಾದವಳನ್ನು ಹೊಸಬರು ಬೈದಾರೆಯೇ? ನಿಯಮದ ಮೊದಲರ್ಧ ಗಟ್ಟಿಯಾಗಿ ಉಳಿಯಿತು, ಎರಡನೆಯದು ಯಾವಾಗ ನಿಂತಿತು ಎನ್ನುವುದು ಯಾರಿಗೂ ನೆನಪಿಲ್ಲ.

ಸೊಸೆ ಬಂದದ್ದು ಈ ನಡುವೆ. ಮೊದಲು ವೃಂದಕ್ಕೆ ಬಂದಳು, ಆಮೇಲೆ ಮನೆಗೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗನಿಗೆ ಸಂಗೀತದ ಗಂಧಗಾಳಿಯಿಲ್ಲ, ಅವನು ಅಭ್ಯಾಸ ಮುಗಿದ ಮೇಲೆ ಕುರ್ಚಿ ಮಡಚಲು ಬರುತ್ತಿದ್ದ. ಕೊನೆಯ ಕುರ್ಚಿಯಲ್ಲಿದ್ದ ಹೊಸ ಹುಡುಗಿಯ ಕುರ್ಚಿಯನ್ನೇ ಅವನು ಮೊದಲು ಮಡಚುತ್ತಾನೆ, ಅದೂ ಅರ್ಧ ಗಂಟೆ ಹಿಡಿದು ಮಡಚುತ್ತಾನೆ ಎನ್ನುವುದನ್ನು ಬೀರು ಮಾಮ ಕಂಡುಹಿಡಿದ. ಮದುವೆಯಾಯಿತು. ಸೊಸೆಯ ಕೈ ಬಂಗಾರದ್ದು. ವರ್ಷದಿಂದ ವರ್ಷಕ್ಕೆ ಮುಂದೆ ಬಂದು ಅವಳು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಒಂದೇ ಸ್ಟ್ಯಾಂಡಿನ ಹಾಳೆ ಇಬ್ಬರಿಗೂ, ತಿರುಗಿಸುವ ಕೆಲಸ ಸೊಸೆಯದು. ಅತ್ತೆ ತಲೆಯಾಡಿಸುವ ಮೊದಲೇ ಅವಳ ಕೈ ಹಾಳೆಯ ಮೂಲೆಯಲ್ಲಿರುತ್ತಿತ್ತು. ಮನೆಯಲ್ಲಿ ಅವರಿಬ್ಬರ ನಡುವೆ ಎಲ್ಲರ ಮನೆಯಲ್ಲಿ ಆಗುವಷ್ಟೇ ಮಾತು ಬರುತ್ತಿತ್ತು, ಹೋಗುತ್ತಿತ್ತು. ಕುರ್ಚಿಯಲ್ಲಿ ಕೂತರೆ ಸೊಸೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಭುಜಕ್ಕನಿಗೆ ಅರವತ್ತು ದಾಟಿದ ಮೇಲೆ ಎಡಗೈಯ ಕೊನೆಯ ಎರಡು ಬೆರಳು ಬೆಳಗಿನ ಹೊತ್ತು ಮಾತು ಕೇಳದಾದವು. ಬಿಸಿನೀರಿನಲ್ಲಿ ಅದ್ದಿಟ್ಟುಕೊಂಡರೆ ಸಡಿಲವಾಗುತ್ತಿದ್ದವು. ಕೆಳಗಿನ ಅಂಗಡಿಯ ಹಬೆಯಿಂದ ಹೀಗಾಗುತ್ತಿದೆ ಎಂದು ಅವಳು ನಂಬಿದಳು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಎಂದು ನೀವು ನಗಬಹುದು, ಆದರೆ ಅವಳು ನಿಜವಾಗಿಯೂ ನಂಬಿದ್ದಳು. ಕಛೇರಿಗಳು ನಡೆಯುತ್ತಿದ್ದವು, ಚಪ್ಪಾಳೆ ಬೀಳುತ್ತಿತ್ತು, ಒಂದು ಸ್ವರವೂ ಹದಿನಾಲ್ಕು ಕೈಗಳಿಂದ ಆಚೀಚೆ ಆಗುತ್ತಿರಲಿಲ್ಲ. ಇನ್ನೇನು ಸಂದೇಹ ಪಡಬೇಕು?

ಒಂದು ಚಳಿಗಾಲ ಅವಳು ಜ್ವರ ಬಂದು ಮಲಗಿದಳು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಕಛೇರಿಗೆ ಹೋಗಲಿಲ್ಲ. ಸೊಸೆ ಮೊದಲ ಕುರ್ಚಿಯಲ್ಲಿ ಕೂತಳು. ಆ ಸಂಜೆಯ ಕಛೇರಿ ರೇಡಿಯೊದಲ್ಲಿ ನೇರವಾಗಿ ಬರುವುದಿತ್ತು. ಭುಜಕ್ಕ ಕಂಬಳಿ ಹೊದ್ದು ಅಡುಗೆಮನೆಯ ಮೇಜಿನ ಮುಂದೆ ಕೂತು ಕೇಳಿದಳು, ನಿವೃತ್ತನಾದ ಗಂಡ ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದ. ನಿಧಾನದ ಭಾಗಕ್ಕೆ ತಲೆದೂಗಿದಳು. ಓಟ ಶುರುವಾದ ಕೂಡಲೇ ಮೈ ನೆಟ್ಟಗಾಯಿತು, ಮುಗಿಯುವ ಹೊತ್ತಿಗೆ ಜ್ವರಕ್ಕಿಂತ ಕೋಪ ಹೆಚ್ಚಾಗಿತ್ತು.

ರಾತ್ರಿ ಮನೆಗೆ ಬಂದ ಸೊಸೆಯನ್ನು ಪೆಟ್ಟಿಗೆ ಕೆಳಗಿಡುವುದಕ್ಕೂ ಬಿಡಲಿಲ್ಲ. "ಯಾರಾದ್ರೂ ಅಟ್ಟಿಸಿಕೊಂಡು ಬಂದಿದ್ರಾ?"

"ಯಾಕತ್ತೆ?"

"ಬೆನ್ನಿಗೆ ನಾಯಿ ಬಿದ್ದ ಹಾಗೆ ಓಡಿದ್ರಲ್ಲ. ಒಂದು ದಿನ ಕುರ್ಚಿ ಸಿಕ್ಕಿದ್ದಕ್ಕೆ ಇಷ್ಟು ಅವಸರಾನಾ?"

"ಎಲ್ಲರೂ ಚೆನ್ನಾಗಿತ್ತು ಅಂದ್ರು."

"ಸರ್ಕಸ್ಸಿಗೂ ಅಂತಾರೆ. ರೀ, ಆ ಹಳೇ ಕ್ಯಾಸೆಟ್ ತನ್ನಿ. ಓಟ ಅಂದ್ರೆ ಏನು ಅಂತ ಇವಳು ಒಂದ್ಸಲ ಕೇಳಲಿ."

ಸೊಸೆಯ ಮುಖ ಬಿಳಿಚಿಕೊಂಡಿತು. "ಬೇಡ ಅತ್ತೆ. ಜ್ವರ ಇದೆ, ಮಲಗಿ."

"ಜ್ವರ ನನಗಿರೋದು, ಕ್ಯಾಸೆಟ್ಟಿಗಲ್ಲ."

ಗಂಡ ಕ್ಯಾಸೆಟ್ ತಂದು ಹಾಕಿದ. ಹಳೆಯ ಭುಜಕ್ಕ ಉಸಿರೆಳೆದದ್ದೂ ಅದರಲ್ಲಿ ಕೇಳಿಸಿತು. ಆಮೇಲೆ ಓಟ ಬಂತು, ಆ ಸಂಜೆ ಸೊಸೆ ನಡೆಸಿದ ವೇಗದಲ್ಲೇ ಬಂತು, ಒಂದು ಕೈ ಹೆಚ್ಚೇ ಅನ್ನಬೇಕು.

"ಯಂತ್ರ ಜೋರಾಗಿ ತಿರುಗ್ತಿದೆ. ಹಳೇದಾಗಿದೆ," ಎಂದಳು ಭುಜಕ್ಕ.

ಯಂತ್ರ ಜೋರಾಗಿ ತಿರುಗಿದರೆ ವೇಗದ ಜೊತೆಗೆ ಶ್ರುತಿಯೂ ಏರುತ್ತದೆ, ಇದು ಅತ್ತೆ ಸೊಸೆ ಇಬ್ಬರಿಗೂ ಗೊತ್ತಿದ್ದದ್ದೇ. ಭುಜಕ್ಕ ಎದ್ದು ಹೋಗಿ ತನ್ನ ಪಿಟೀಲು ತಂದಳು. ಶ್ರುತಿಕವೆ ಹಿಡಿದು ತಂತಿ ಸರಿಮಾಡಿಕೊಂಡಳು. ಕ್ಯಾಸೆಟ್ಟಿನ ಕೊನೆಯ ಸ್ವರ ಬಂದಾಗ ಅದೇ ಸ್ವರವನ್ನು ತಾನೂ ಎಳೆದಳು. ಎರಡೂ ಒಂದಾಗಿ ಹೋದವು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವಳು ಕಮಾನು ಕೆಳಗಿಟ್ಟು ಕುರ್ಚಿಯಲ್ಲಿ ಕುಸಿದಳು.

"ಯಾವಾಗಿಂದ?"

"ಒಂದೇ ಸಲ ಆಗಿದ್ದಲ್ಲ ಅತ್ತೆ. ವರ್ಷಕ್ಕೆ ಚೂರು ಚೂರು. ನಮಗೂ ಮೊದಲು ಗೊತ್ತಾಗಲಿಲ್ಲ."

"ಗೊತ್ತಾದ ಮೇಲೆ?"

"ನೀವೇ ಹೇಳಿದ್ದಲ್ವಾ, ತಪ್ಪಿದ್ರೂ ನಿಮ್ಮ ಜೊತೇನೇ ತಪ್ಪಬೇಕು ಅಂತ."

"ಆಮೇಲೆ ಬೈಯಿರಿ ಅಂತಾನೂ ಹೇಳಿದ್ದೆ."

"ನಿಮ್ಮನ್ನ ಬೈಯೋರು ಯಾರು?" ಎಂದಳು ಸೊಸೆ. ಅವಳ ಕಣ್ಣಲ್ಲಿ ನೀರಿತ್ತು.

ನಿಜ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಹದಿಮೂರು ಮಂದಿ ಈ ಬಗ್ಗೆ ಚಹಾದಂಗಡಿಯಲ್ಲಿ ಎರಡು ಸಲ ಸೇರಿ, ಎರಡು ಸಲವೂ ಬರಿ ಚಹಾ ಕುಡಿದು ಎದ್ದಿದ್ದರು. ಅವಳ ಬೆರಳು ಒಂದಿಷ್ಟು ಸೋತರೆ ಅವರು ತಮ್ಮ ಕೈಗಳನ್ನೂ ಅಷ್ಟೇ ಸೋಲಿಸುತ್ತಿದ್ದರು. ಎಷ್ಟು ಚೆನ್ನಾಗಿ ಸೋಲಿಸುತ್ತಿದ್ದರು ಎಂದರೆ ಸೋತವಳಿಗೇ ಗೊತ್ತಾಗಿರಲಿಲ್ಲ. ಇದನ್ನು ಪ್ರೀತಿ ಅನ್ನಬೇಕೋ ಮೋಸ ಅನ್ನಬೇಕೋ, ನನಗಂತೂ ಇವತ್ತಿಗೂ ತಿಳಿದಿಲ್ಲ.

"ನಿಮಗೂ ಗೊತ್ತಿತ್ತಾ?" ಎಂದು ಅವಳು ಗಂಡನನ್ನು ಕೇಳಿದಳು.

ಅವನು ಬಟಾಣಿಯ ಸಿಪ್ಪೆ ಬಳಿದುಕೊಳ್ಳುತ್ತ, "ನನಗೆಲ್ಲಿ ಸಂಗೀತ ಗೊತ್ತಾಗತ್ತೆ? ಮೊದಲು ಕಛೇರಿ ಮುಗಿಸಿ ಬಂದ್ರೆ ಕೊನೇ ಬಸ್ಸಿಗಿಂತ ಮುಂಚಿನ ಬಸ್ಸು ಸಿಗ್ತಿತ್ತು. ಈಗೀಗ ಕೊನೇದೇ ಗತಿ. ಚಪ್ಪಾಳೆ ಜಾಸ್ತಿ ಆಗಿದೆ ಅಂದ್ಕೊಂಡಿದ್ದೆ," ಎಂದ.

ಅವಳಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಕಳೆದ ವರ್ಷ ಸೇರಿದ ವಯೋಲಾದ ಹುಡುಗಿ ಓಟದ ನಿಜವಾದ ವೇಗವನ್ನು ಆ ದಿನದವರೆಗೆ ಕೇಳಿಯೇ ಇರಲಿಲ್ಲ. ತನ್ನ ಬೆರಳಿನ ಜೊತೆಗೆ ಇಡೀ ವೃಂದವೇ ಮುದಿಯಾಗುತ್ತಿದೆ, ತಾನು ಹೋಗುವ ದಿನ ಅದೂ ತನ್ನ ಜೊತೆ ಗುಂಡಿಗಿಳಿಯುತ್ತದೆ ಎನ್ನಿಸಿ ಅವಳಿಗೆ ಆಮೇಲೆ ಎಷ್ಟೋ ಹೊತ್ತು ನಿದ್ದೆ ಬರಲಿಲ್ಲ.

ಜ್ವರ ಬಿಟ್ಟ ಮೇಲಿನ ಮೊದಲ ಅಭ್ಯಾಸದಲ್ಲಿ ಅವಳು ಎಲ್ಲರೆದುರು ವಿಷಯ ತೆಗೆದಳು. "ಕ್ಯಾಸೆಟ್ ಕೇಳಿದೆ. ಇವತ್ತಿಂದ ಓಟದಲ್ಲಿ ನನ್ನ ನೋಡಬೇಡಿ, ಕಾಯಬೇಡಿ. ನಿಮ್ಮ ವೇಗಕ್ಕೆ ನೀವು ಹೋಗಿ."

ಯಾರೂ ಮುಖ ಎತ್ತಲಿಲ್ಲ. ಬೀರು ಮಾಮ ಮಾತ್ರ, "ಅಕ್ಕಾ, ನಿನ್ನ ಕೈಗೂ ವಯಸ್ಸಾಯ್ತು, ನನ್ನ ಕಾಲಿಗೂ ಆಯ್ತು. ನಿಧಾನಕ್ಕೆ ಹೋದ್ರೆ ಹೋಗ್ಲಿ, ಊರು ಮುಟ್ಟಿದ್ರೆ ಸಾಕು," ಎಂದ.

"ಊರು ಮುಟ್ಟೋಕೆ ಬಸ್ಸಿದೆ. ಓಟ ಅಂದ್ರೆ ಓಡಬೇಕು."

ಶುರು ಮಾಡಿದರು. ನೋಡಬೇಡಿ ಅಂದರೆ ನೋಡದೆ ಇರುವುದು ಹೇಗೆ? ಹದಿಮೂರು ಜೋಡಿ ಕಣ್ಣು ಹಾಳೆಗೆ ಅಂಟಿಕೊಂಡವು, ಹದಿಮೂರು ಜೋಡಿ ಕಿವಿ ಅವಳ ಪಿಟೀಲಿಗೆ ಅಂಟಿಕೊಂಡವು. ಅವಳು ಎಲ್ಲಿ ಎಡವಿದಳೋ ಎಲ್ಲರೂ ಅಲ್ಲೇ ಮೆಲ್ಲಗಾದರು. ಭುಜಕ್ಕ ಅಲ್ಲೇ ನಿಲ್ಲಿಸಿ, ತನ್ನ ಪಿಟೀಲು ಎತ್ತಿಕೊಂಡು ಹಿಂದಿನ ಕೊನೆಯ ಕುರ್ಚಿಗೆ ನಡೆದಳು. ಸೊಸೆಗೆ ಮೊದಲ ಕುರ್ಚಿ ತೋರಿಸಿದಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ," ಎಂದು ಬೀರು ಮಾಮ ಗೊಣಗಿದ.

ಕೊನೆಯ ಕುರ್ಚಿಯಿಂದಲೂ ಅದೇ ಪಾಡು. ಅವಳು ಸದ್ದು ತಗ್ಗಿಸಿ ನುಡಿಸಿದರೆ ಅವರು ಇನ್ನೂ ಕಿವಿಗೊಟ್ಟರು. ಒಮ್ಮೆ ಬೇಕೆಂದೇ ಕಮಾನು ಎತ್ತಿ ಸುಮ್ಮನೆ ಕೂತಳು, ಹದಿಮೂರು ಮಂದಿಯೂ ನಿಲ್ಲಿಸಿ ಹಿಂದಕ್ಕೆ ತಿರುಗಿದರು. "ಏನಾಯ್ತಕ್ಕ?" ಎಂದು ಚೆಲ್ಲೊದವನು ಕೇಳಿದ. "ಅಕ್ಕಾ, ನೀನು ನನ್ನ ಬೀರು ಒಳಗೆ ಕೂತು ಬಾಗಿಲು ಹಾಕ್ಕೊಂಡ್ರೂ ನಮಗೆ ಕೇಳಿಸತ್ತೆ," ಎಂದ ಬೀರು ಮಾಮ. ಅವನು ಆಗ ತಮಾಷೆ ಮಾಡುತ್ತಿರಲಿಲ್ಲ.

ಹಾಗಾದರೆ ಅವಳು ಮನೆಯಲ್ಲೇ ಇದ್ದುಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಗಂಡನೂ ಅದನ್ನೇ ಕೇಳಿದ. ತಾನಿಲ್ಲದಾಗ ಮಾತ್ರ ಓಡುವ ವೃಂದ ಓಡುವ ವೃಂದವಲ್ಲ, ನಾಳೆ ತಾನು ಕೇಳಲು ಹೋಗಿ ಮೂರನೆಯ ಸಾಲಿನಲ್ಲಿ ಕೂತರೂ ಇವರು ಕತ್ತಲಲ್ಲಿ ತನ್ನ ಭುಜವನ್ನೇ ಹುಡುಕುತ್ತಾರೆ ಎಂದು ಅವಳು ಉತ್ತರ ಕೊಟ್ಟಳು. ಅದು ನಿಜವೇ. ಇನ್ನೊಂದು ನಿಜವನ್ನು ಆಮೇಲೆ ಸೇರಿಸಿದಳು: "ಮನೇಲಿ ಕೂತು ಏನ್ ಮಾಡ್ಲಿ? ನನಗೆ ಇನ್ನೇನೂ ಬರಲ್ಲ."

ಜ್ವರದ ನಂತರದ ಮೊದಲ ಕಛೇರಿಯ ಹಿಂದಿನ ದಿನ ಅಭ್ಯಾಸ ಮುಗಿಸಿ ಅತ್ತೆ ಸೊಸೆ ಇಬ್ಬರೂ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಪೆಟ್ಟಿಗೆಗಳು ಇಬ್ಬರ ಕಾಲ ಬಳಿ ಇದ್ದವು.

"ಯಾಕೆ ಕಾಯ್ತೀಯ ನೀನು?" ಎಂದಳು ಭುಜಕ್ಕ.

"ನಿಮ್ಮ ಪಿಟೀಲು ಹಿಂದೆ ಬೀಳೋದು ಕೇಳಿಸಿದ್ರೆ ನನ್ನ ಕೈ ಮುಂದೆ ಹೋಗಲ್ಲ ಅತ್ತೆ. ಬೇಕಂತ ಮಾಡೋದಲ್ಲ."

"ಜ್ವರ ಬಂದ ದಿನ ಹೋಯ್ತಲ್ಲ?"

"ಅವತ್ತು ನೀವಿರಲಿಲ್ಲ."

"ಅಂದ್ರೆ ನಾನು ಸಾಯೋವರೆಗೂ ಇವರೆಲ್ಲ ಕುಂಟಬೇಕು." ಸೊಸೆ ಬಾಯಿ ತೆರೆದಳು, ಇವಳು ಬಿಡಲಿಲ್ಲ. "ಕೇಳು. ನನ್ನ ಸೊಸೆಯಾಗಿ ಆ ಕುರ್ಚೀಲಿ ಕೂರೋದಾದ್ರೆ ನಾಳೆ ಕೂರಲೇಬೇಡ. ನಿನ್ನ ಹಿಂದೆ ಹನ್ನೆರಡು ಜನ ಇರ್ತಾರೆ. ಅವರ ಪೈಕಿ ನಾನಿಲ್ಲ. ನನಗೆ ಮರ್ಯಾದೆ ಕೊಡಬೇಕು ಅಂತಿದ್ರೆ ಮನೇಲಿ ಚಹಾ ಮಾಡ್ಕೊಡು."

ಬಸ್ಸು ಬಂತು. ಸೊಸೆ ತನ್ನ ಪೆಟ್ಟಿಗೆ ಎತ್ತಿಕೊಂಡು ಮೊದಲು ಹತ್ತಿದಳು.

ಮರುದಿನ ಸಭಾಂಗಣ ತುಂಬಿತ್ತು. ಭುಜಕ್ಕ ಕೊನೆಯ ಕುರ್ಚಿಯಲ್ಲಿ ಕೂತದ್ದನ್ನು ಕಂಡು ಜನ ಪಿಸುಗುಟ್ಟಿದರು. ನಿಧಾನದ ಭಾಗ ಸುಖವಾಗಿ ಮುಗಿಯಿತು. ಆಮೇಲೆ ಸೊಸೆ ಉಸಿರೆಳೆದಳು, ಓಟ ಹೊರಟಿತು. ಸರಿಯಾದ ವೇಗ. ಭುಜಕ್ಕನ ಎದೆ ಹಿಗ್ಗಿತು. ಮೊದಲ ಪುಟ ಅವಳೂ ಓಡಿದಳು, ಹಳೆಯ ದಿನಗಳ ಹಾಗೆ ಓಡಿದಳು. ಎರಡನೆಯ ಪುಟದ ನಡುವೆ ಕಿರುಬೆರಳು ಒಂದು ಸ್ವರವನ್ನು ನುಂಗಿತು, ಅದರ ಪಕ್ಕದ ಬೆರಳು ಇನ್ನೊಂದನ್ನು. ಅರ್ಧ ಹೆಜ್ಜೆ ಹಿಂದೆ ಬಿದ್ದಳು. ಮುಂದೆ ಸೊಸೆಯ ತಲೆ ತುಸುವೇ ಹಿಂದಕ್ಕೆ ವಾಲಿದ್ದು ಕಂಡಿತು. ಅವಳಿಗೆ ಕೇಳಿಸಿದೆ. ಇನ್ನೇನು ನಿಧಾನ ಮಾಡುತ್ತಾಳೆ, ಎಲ್ಲರೂ ಮಾಡುತ್ತಾರೆ ಎಂದು ಭುಜಕ್ಕ ಹಲ್ಲು ಕಚ್ಚಿದಳು.

ಸೊಸೆ ನಿಧಾನ ಮಾಡಲಿಲ್ಲ. ತಲೆ ನೆಟ್ಟಗಾಯಿತು, ಓಟ ಮುಂದೆ ಹೋಯಿತು. ಬೀರು ಮಾಮ ಒಮ್ಮೆ ಇತ್ತ ನೋಡಿ, ಕಣ್ಣು ತೆಗೆದು ಸೊಸೆಯ ಹಿಂದೆ ಹೋದ. ಉಳಿದವರೂ ಹೋದರು. ಭುಜಕ್ಕ ಅವರನ್ನು ಹಿಡಿಯಲು ನೋಡಿದಳು, ಆಗಲಿಲ್ಲ. ಒಂದು ಸಾಲು ಹಾರಿ ಮುಂದೆ ಕಾಯೋಣ ಎಂದು ನೋಡಿದಳು, ಅಷ್ಟರಲ್ಲಿ ಅವರು ಅದನ್ನೂ ದಾಟಿದ್ದರು. ಹಾಳೆಯ ಮೇಲೆ ತಾನು ಎಲ್ಲಿದ್ದೇನೆ ಎನ್ನುವುದೇ ಅವಳಿಗೆ ತಿಳಿಯದೆ ಹೋಯಿತು. ಹುಟ್ಟಿದಂದಿನಿಂದ ಹೀಗಾಗಿರಲಿಲ್ಲ. ಕಮಾನನ್ನು ತಂತಿಯಿಂದ ಎತ್ತಿ ಗಾಳಿಯಲ್ಲಿ ಹಿಡಿದು, ಸಂತೆಯಲ್ಲಿ ಕೈ ತಪ್ಪಿದ ಮಗುವಿನ ಹಾಗೆ ಕೂತಳು. ಯಾರೂ ನಿಲ್ಲಿಸಲಿಲ್ಲ. ಬಿಟ್ಟು ಹೋದರಲ್ಲ ಎಂದು ಎದೆ ಹಿಂಡಿತು. ಇದನ್ನೇ ಬೇಡಿಕೊಂಡವಳು ತಾನೇ, ಆದರೂ ಹಿಂಡಿತು. ಅವರು ಮುಗಿಸಿದ ಮೇಲೆ ಬಿದ್ದ ಚಪ್ಪಾಳೆಗೆ ಎಲ್ಲರ ಜೊತೆ ಎದ್ದು ನಿಂತು ತಲೆಬಾಗಿದಳು.

ವೇದಿಕೆಯ ಹಿಂದಿನ ಕೋಣೆಯಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರಿಗೂ ಒಮ್ಮೆಲೇ ತಮ್ಮ ತಮ್ಮ ಪೆಟ್ಟಿಗೆಗಳಲ್ಲಿ ಬಹಳ ಕೆಲಸ ಬಂತು. ಸೊಸೆ ಕಮಾನು ಕೈಯಲ್ಲಿ ಹಿಡಿದೇ ನೇರ ಅವಳ ಹತ್ತಿರ ಬಂದಳು. ಬೆವರಿದ್ದಳು. ಕ್ಷಮೆ ಕೇಳುತ್ತಾಳೆ ಎಂದು ಭುಜಕ್ಕ ಅಂದುಕೊಂಡಳು, ಕೇಳಿದರೆ ಕಪಾಳಕ್ಕೆ ಹಾಕಿಬಿಡುತ್ತೇನೆ ಎಂದೂ ಅಂದುಕೊಂಡಳು.

"ಅತ್ತೆ, ಎಲ್ಲರ ಮುಂದೇನೇ ಹೇಳ್ತೀನಿ. ಬೇಜಾರಾದ್ರೆ ಮಾಡ್ಕೊಳ್ಳಿ," ಎಂದಳು ಸೊಸೆ. "ಓಟ ಇನ್ನು ನಿಮ್ಮ ಕೈಲಾಗಲ್ಲ. ಮುಂದಿನ ಸಲದಿಂದ ಅದರಲ್ಲಿ ನೀವು ನುಡಿಸೋದು ಬೇಡ."

ಭುಜಕ್ಕ ಸೊಸೆಯ ಮುಖವನ್ನೇ ನೋಡಿದಳು. ಅವಳ ಕಣ್ಣು ತಗ್ಗಿರಲಿಲ್ಲ.

"ಆಯ್ತು," ಎಂದಳು ಭುಜಕ್ಕ. ಆಮೇಲೆ, ಬೇರೆಯವರ ಮನೆ ಬಾಗಿಲಲ್ಲಿ ನಿಂತು ಏನೋ ಕೇಳುವವಳ ದನಿಯಲ್ಲಿ, "ನಿಧಾನದ ಭಾಗದಲ್ಲಿ?" ಎಂದಳು.

ಸೊಸೆ ಕಮಾನಿನ ತಿರುಪು ಸಡಿಲಿಸುತ್ತ ಯೋಚಿಸಿದಳು. "ನೋಡೋಣ. ಸೋಮವಾರ ಬೇಗ ಬನ್ನಿ, ನುಡಿಸಿ ತೋರಿಸಿ."

ಭುಜಕ್ಕನ ಕಣ್ಣು ತುಂಬಿತು. ನೋವಾಯಿತು, ಬಹಳ ನೋವಾಯಿತು. ಆ ನೋವಿನ ಅಡಿಯಲ್ಲೇ ಎಷ್ಟೋ ದಿನಗಳ ಹೆದರಿಕೆ ಇಳಿದುಹೋಗಿ ಮೈ ಹಗುರಾಯಿತು. ಆ ವೃಂದದಲ್ಲಿ ಅವಳಿಗೆ ನೋಡೋಣ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಬೆರಳುಗಳನ್ನು ಬಿಸಿನೀರಿನಿಂದ ತೆಗೆದು ಒರೆಸಿಕೊಂಡು, ನಿಧಾನದ ಭಾಗದ ಮೊದಲ ಸಾಲನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತು ಕೇಳಿದ, "ಇದು ನಿನಗೆ ಬಾಯಿಪಾಠ ಅಲ್ವಾ?"

"ಸುಮ್ಮನಿರಿ," ಎಂದಳು ಅವಳು. "ನಾಳೆ ಪರೀಕ್ಷೆ ಇದೆ. ಅವಳು ಸುಮ್ಮ ಸುಮ್ಮನೆ ಪಾಸು ಮಾಡೋಳಲ್ಲ."